ಉರು ಹೊಡೆದರೆ ಪರಿಸರ ಬರುವುದಿಲ್ಲ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಹೋಬಳಿಯ ಮನೆಗಳಲ್ಲಿ ಓದಿನ ಹಂಚಿಕೆ ಶುರುವಾಗುತ್ತದೆ. ಬೆಳಗಿನ ಜಾವ ಗಣಿತಕ್ಕೆ, ಸಂಜೆ ಇಂಗ್ಲಿಷಿಗೆ, ಊಟವಾದ ಮೇಲೆ ವಿಜ್ಞಾನಕ್ಕೆ. ವಿಜ್ಞಾನದಲ್ಲೂ ಮೊದಲು ವಿದ್ಯುತ್ತು, ಬೆಳಕು, ರಾಸಾಯನಿಕ ಸಮೀಕರಣ. ಪರಿಸರದ ಪಾಠ ಕಟ್ಟಕಡೆಗೆ. ‘ಅದೇನ್ ಮಹಾ, ಹಿಂದಿನ ದಿನ ಉರು ಹೊಡ್ಕೊಂಡ್ರೆ ಆಯ್ತು’ ಎಂದು ಅಪ್ಪ ಹೇಳುತ್ತಾನೆ, ಕಳೆದ ವರ್ಷ ಪಾಸಾದ ಅಕ್ಕ ಹೇಳುತ್ತಾಳೆ, ಟ್ಯೂಷನ್ನಿನ ಮೇಷ್ಟ್ರೂ ಹೇಳುತ್ತಾರೆ. ಈ ಮಾತಿಗೆ ಜೋಡಿಯಾಗಿ ಇನ್ನೊಂದು ಮಾತಿದೆ: ‘ತೋಟದ ಕಡೆ ತಲೆ ಹಾಕ್ಬೇಡ, ಕೂತು ಓದು.’

ಈ ಎರಡು ಮಾತೂ ತಪ್ಪು. ಎರಡೂ ಸೇರಿದಾಗ ಆಗುವ ನಷ್ಟ ಒಂದೊಂದರಿಂದ ಆಗುವುದಕ್ಕಿಂತ ದೊಡ್ಡದು. ಪರಿಸರದ ಪ್ರಶ್ನೆಗೆ ಉತ್ತರ ಬರೆಯಬೇಕಾದ ಮಗುವನ್ನು ಪರಿಸರದಿಂದ ಎಬ್ಬಿಸಿ ತಂದು ನಾಲ್ಕು ಗೋಡೆಯ ನಡುವೆ ಕೂರಿಸಿ, ಇನ್ಯಾರೋ ಬರೆದಿಟ್ಟ ಎರಡು ಸಾಲಿನ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಅಂಕದ ದೃಷ್ಟಿಯಿಂದಲೂ ಇದು ಕೆಟ್ಟ ತಯಾರಿ. ಈ ಮಣ್ಣಿನ ದೃಷ್ಟಿಯಿಂದಂತೂ ಅನಾಹುತ.

ಉರು ಹೊಡೆಯುವುದನ್ನೇ ನಾನು ಜರೆಯುತ್ತಿಲ್ಲ. ಮಗ್ಗಿ ಉರು ಹೊಡೆಯಬೇಕು, ಧಾತುಗಳ ಸಂಕೇತ ಉರು ಹೊಡೆಯಬೇಕು. ಆದರೆ ಪರಿಸರ ವಿಜ್ಞಾನದಲ್ಲಿ ಉರು ಹೊಡೆಯಲು ಇರುವುದು ಬಹಳ ಕಡಿಮೆ. ಅದರ ಜೀವಾಳವೇ ಕಾರಣ ಮತ್ತು ಪರಿಣಾಮ: ಇಲ್ಲಿ ಒಂದನ್ನು ಅಲುಗಿಸಿದರೆ ಅಲ್ಲಿ ಯಾವುದು ಅಲುಗುತ್ತದೆ, ಎಷ್ಟು ದಿನಕ್ಕೆ, ಯಾವ ದಾರಿಯಲ್ಲಿ. ಆ ದಾರಿಯನ್ನು ಒಮ್ಮೆ ನಡೆದು ನೋಡಿದ ಮಗುವಿಗೆ ಪ್ರಶ್ನೆಯನ್ನು ಯಾವ ಕಡೆಯಿಂದ ತಿರುಗಿಸಿ ಕೇಳಿದರೂ ಉತ್ತರ ಹೊಳೆಯುತ್ತದೆ. ಉರು ಹೊಡೆದ ಮಗು ಪ್ರಶ್ನೆಯ ಒಂದು ಪದ ಬದಲಾದರೆ ತಡವರಿಸುತ್ತದೆ.

ಆಹಾರ ಸರಪಳಿಯನ್ನೇ ತೆಗೆದುಕೊಳ್ಳಿ. ಗೈಡುಗಳಲ್ಲಿ ಅದು ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು. ನಮ್ಮ ಮಕ್ಕಳು ಈ ಐದು ಹೆಸರನ್ನು ಬಾಣದ ಗುರುತು ಹಾಕಿ ಬರೆದು ಬರುತ್ತಾರೆ. ಅದೇ ಮಾರ್ಚ್ ತಿಂಗಳಲ್ಲಿ ಅವರ ಮನೆಯ ಹಿಂದಿನ ತೋಟದಲ್ಲಿ ತೆಂಗಿನ ಗರಿಗಳು ಬೆಂಕಿ ತಾಗಿದಂತೆ ಕಂದಿ ನಿಂತಿರುತ್ತವೆ. ಅದು ಕಪ್ಪುತಲೆ ಹುಳುವಿನ ಕೆಲಸ. ಗರಿಯ ತಳಭಾಗದಲ್ಲಿ ರೇಷ್ಮೆಯಂಥ ನೂಲು ಮತ್ತು ತನ್ನದೇ ಹಿಕ್ಕೆ ಸೇರಿಸಿ ಸುರಂಗ ಕಟ್ಟಿಕೊಂಡು, ಅದರೊಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಬಿಸಿಲೇರಿದ ತಿಂಗಳುಗಳಲ್ಲಿ ಅದರ ಹಾವಳಿ ಹೆಚ್ಚು. ಆ ಹುಳುವನ್ನು ಹುಡುಕಿಕೊಂಡು ಬರುವ ಸಣ್ಣ ಕಣಜವೊಂದಿದೆ, ಗೋನಿಯೋಜಸ್. ಹುಳುವಿನ ಸುರಂಗಕ್ಕೇ ನುಗ್ಗಿ, ಅದನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನೇ ಉಂಡು ಬೆಳೆಯುತ್ತವೆ. ತೋಟಗಾರಿಕೆ ಇಲಾಖೆಯವರು ಪ್ರಯೋಗಾಲಯದಲ್ಲಿ ಈ ಕಣಜವನ್ನು ಸಾಕಿ ಕೊಡುತ್ತಾರೆ. ರೈತ ಮರಕ್ಕೆ ಹತ್ತಿಪ್ಪತ್ತರಂತೆ ತೋಟದಲ್ಲಿ ಬಿಡುತ್ತಾನೆ.

ಉತ್ಪಾದಕ, ಪ್ರಾಥಮಿಕ ಭಕ್ಷಕ, ದ್ವಿತೀಯ ಭಕ್ಷಕ, ಮೂರೂ ಇಲ್ಲಿವೆ. ಗೈಡಿನ ಸರಪಳಿಯಲ್ಲಿ ಇಲ್ಲದ ಇನ್ನೊಂದು ಸಂಗತಿಯೂ ಇಲ್ಲಿದೆ. ಅವಸರಕ್ಕೆ ಬಿದ್ದು ಗರಿಗಳಿಗೆ ಕೀಟನಾಶಕ ಹೊಡೆದರೆ ಸುರಂಗದೊಳಗೆ ಬೆಚ್ಚಗಿರುವ ಹುಳುವಿನ ಒಂದು ಪಾಲು ಉಳಿಯುತ್ತದೆ, ಹೊರಗೆ ಹಾರಾಡುವ ಕಣಜ ಪೂರ್ತಿ ಸಾಯುತ್ತದೆ. ಮುಂದಿನ ತಲೆಮಾರಿನ ಹುಳುವಿಗೆ ಶತ್ರುವೇ ಇರುವುದಿಲ್ಲ. ‘ಆಹಾರ ಸರಪಳಿಯ ಒಂದು ಪೋಷಣಾ ಸ್ತರದ ಜೀವಿಗಳನ್ನೆಲ್ಲ ಕೊಂದರೆ ಏನಾಗುತ್ತದೆ?’ ಎಂಬುದು ಹತ್ತನೇ ತರಗತಿಯ ಮಕ್ಕಳಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ. ಬಾಯಿಪಾಠದ ಉತ್ತರ: ‘ಪರಿಸರದ ಸಮತೋಲನ ತಪ್ಪುತ್ತದೆ.’ ಈ ಮೂರು ಪದಗಳಲ್ಲಿ ಏನೂ ಇಲ್ಲ. ಯಾವ ಸಮತೋಲನ, ಹೇಗೆ ತಪ್ಪಿತು, ತಪ್ಪಿದ ಮೇಲೆ ಯಾರ ಮನೆಯ ಕೊಬ್ಬರಿ ಕಡಿಮೆಯಾಯಿತು? ತೋಟದ ಮಗುವಿಗೆ ಇದಕ್ಕೆ ಉತ್ತರ ಗೊತ್ತು. ಅದು ಪರೀಕ್ಷೆಯಲ್ಲಿ ಬರೆಯಬಹುದಾದ ಉತ್ತರ ಎಂದು ಮಾತ್ರ ಯಾರೂ ಅದಕ್ಕೆ ಹೇಳಿಲ್ಲ.

2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಭಾರತಕ್ಕೇ ಹೊಸದಾದ ಒಂದು ಬಿಳಿನೊಣ ಕಂಡಿತು. ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆ ಇಡುವ ಅದು ಇವತ್ತು ನಮ್ಮ ತೋಟಗಳಲ್ಲೂ ಇದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗರಿ ಮಸಿ ಬಳಿದಂತೆ ಕಾಣುತ್ತದೆ. ಅದಕ್ಕೂ ಹಿಂದೆ, 1998ರಲ್ಲಿ ಕೇರಳದ ಎರ್ನಾಕುಲಂನಲ್ಲಿ ಮೊದಲು ಕಂಡು ಕೆಲವೇ ವರ್ಷಗಳಲ್ಲಿ ಕರ್ನಾಟಕವನ್ನೆಲ್ಲ ಆವರಿಸಿದ ನುಸಿ ಪೀಡೆಯನ್ನು ಈಗಿನ ಮಕ್ಕಳ ಅಪ್ಪಂದಿರು ಮರೆತಿಲ್ಲ. ಎರಡೂ ಹೊರನಾಡಿನಿಂದ ಬಂದವು, ಎರಡಕ್ಕೂ ಆರಂಭದಲ್ಲಿ ಇಲ್ಲಿ ತಕ್ಕ ಶತ್ರು ಇರಲಿಲ್ಲ. ಆಕ್ರಮಣಕಾರಿ ಪ್ರಭೇದ ಎಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠ ಯಾವುದು? ಬಿಳಿನೊಣಕ್ಕೆ ರಾಸಾಯನಿಕ ಹೊಡೆಯಬೇಡಿ, ಅದನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ ತಾನಾಗಿಯೇ ಬೆಳೆಯಲು ಬಿಡಿ ಎಂದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುತ್ತಾರೆ. ಏಕೆ ಹಾಗೆ ಹೇಳುತ್ತಾರೆ ಎಂದು ಮಗು ಮೂರು ವಾಕ್ಯದಲ್ಲಿ ವಿವರಿಸಬಲ್ಲದಾದರೆ ಆ ಅಧ್ಯಾಯದ ಅರ್ಧ ಅದಕ್ಕೆ ಬಂದಂತೆಯೇ.

ಕಾಸರಗೋಡಿನ ಹೆಸರು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಜೈವಿಕ ಸಂವರ್ಧನೆಯ, ಅಂದರೆ ವಿಷ ಆಹಾರ ಸರಪಳಿಯಲ್ಲಿ ಮೇಲೇರಿದಂತೆ ಹೆಚ್ಚುವುದರ, ಪ್ರಶ್ನೆಗೆ ನಮ್ಮ ಮಕ್ಕಳು ‘ಡಿಡಿಟಿ’ ಎಂದು ಬರೆದು ಮುಗಿಸುತ್ತಾರೆ. ಅಂಕ ಬರುತ್ತದೆ. ಆದರೆ ಕಾಸರಗೋಡಿನ ಎಣ್ಮಕಜೆ, ಪಡ್ರೆಯಂಥ ಕನ್ನಡ ಮಾತಾಡುವ ಊರುಗಳ ನೆತ್ತಿಯ ಮೇಲೆ, ಗೇರು ತೋಟಗಳಿಗೆಂದು ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಮಿಕ್ಕಿ ಎಂಡೋಸಲ್ಫಾನ್ ಸುರಿದದ್ದು, ಅದು 2000ದವರೆಗೂ ನಿಲ್ಲದೆ ಹೋದದ್ದು, ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಆ ಸಂಕಟವನ್ನು ಲೋಕದ ಮುಂದಿಟ್ಟದ್ದು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ತಡೆದದ್ದು, ಇದೆಲ್ಲ ಕನ್ನಡದ ಮಗುವಿಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿದ್ದರೆ ‘ಕೀಟನಾಶಕಗಳು ಆಹಾರ ಸರಪಳಿಯನ್ನು ಹೇಗೆ ಸೇರುತ್ತವೆ’ ಎಂಬ ಪ್ರಶ್ನೆಗೆ ಅದು ಹುಡುಕಾಡುವುದಿಲ್ಲ. ನಮ್ಮ ತೋಟಗಳಲ್ಲೇ ತೆಂಗಿನ ಬೇರನ್ನು ಓರೆಯಾಗಿ ಕತ್ತರಿಸಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ತುಂಬಿದ ಚೀಲ ಕಟ್ಟುತ್ತಿದ್ದ ಕಾಲವಿತ್ತು. ಔಷಧ ಉಣಿಸಿದ ಮೇಲೆ 45 ದಿನ ಕಾಯಿ ಕೀಳಬಾರದು ಎಂಬ ಎಚ್ಚರಿಕೆಯನ್ನು ಎಲ್ಲರೂ ಕೇಳಿದ್ದರು. ಆ 45 ದಿನ ಯಾಕೆ ಎಂದು ಒಂದು ತರಗತಿ ಪೂರ್ತಿ ಚರ್ಚಿಸಬಹುದಿತ್ತು.

ಈಗ ಕೊಬ್ಬರಿಗೆ ಬರುತ್ತೇನೆ. ಈ ಸೀಮೆಯಲ್ಲಿ ಪರಿಸರ ಎಂದರೆ ಕೊನೆಗೆ ಕೊಬ್ಬರಿಯೇ.

ತೆಂಗಿನ ಮರದ ಸುಳಿಯೊಳಗೆ ಹೊಂಬಾಳೆಯ ಮೊದಲ ಕಣ ಮೂಡಿದಂದಿನಿಂದ ಆ ಗೊನೆಯ ಕಾಯಿ ಬಲಿತು ಕೀಳುವವರೆಗೆ ಸುಮಾರು 44 ತಿಂಗಳು ಬೇಕು. ನಮ್ಮದು ಉಂಡೆ ಕೊಬ್ಬರಿಯ ನಾಡು. ಕಿತ್ತ ಕಾಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು ಗಡಗಡ ಅನ್ನುವವರೆಗೆ ಮತ್ತೆ ಎಂಟು–ಹತ್ತು ತಿಂಗಳು ಕಾಯಬೇಕು. ಅಂದರೆ ಇವತ್ತು ತಿಪಟೂರು ಮಾರುಕಟ್ಟೆಯಲ್ಲಿ ಹರಾಜಾಗುವ ಕೊಬ್ಬರಿಯೊಳಗೆ ನಾಲ್ಕೂವರೆ ವರ್ಷದ ಮಳೆ ಬಿಸಿಲಿನ ಲೆಕ್ಕವಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆ ವರ್ಷ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು, ರೈತರು ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಕೇಂದ್ರದ ಮುಂದೆ ಸಾಲುಗಟ್ಟಿದರು. 2025ರಲ್ಲಿ ಬೆಂಬಲ ಬೆಲೆ 12,100. ಮಾರುಕಟ್ಟೆಯ ದರ ಇಪ್ಪತ್ತು ಸಾವಿರವನ್ನೂ ದಾಟಿತು, ಆದರೆ ಅಟ್ಟದಲ್ಲಿ ಕಾಯಿ ಇರಲಿಲ್ಲ. ಬೆಲೆ ಏರಲು ಎಳನೀರಿನ ಬೇಡಿಕೆ, ಬಿಳಿನೊಣ, ಬೇರೆ ರಾಜ್ಯಗಳ ಇಳುವರಿ, ಇಂಥ ಹಲವು ಕಾರಣಗಳಿವೆ. ಆದರೆ ಬರ ಬಂದ ವರ್ಷವೇ ಕಾಯಿ ಕಡಿಮೆಯಾಗುವುದಿಲ್ಲ, ಏಟು ಬೀಳುವುದು ಆಮೇಲೆ, ಎಂಬುದು ಪ್ರತಿಯೊಬ್ಬ ತೋಟದವನಿಗೂ ಗೊತ್ತಿರುವ ಮಾತು. ಪರಿಸರದ ಪೆಟ್ಟು ತಡವಾಗಿ ಕಾಣುತ್ತದೆ ಎಂಬ ಈ ಒಂದು ಅರಿವು ಓಜೋನ್ ಪದರದ ಪ್ರಶ್ನೆಗೂ ಬೇಕು, ಹವಾಮಾನ ಬದಲಾವಣೆಯ ಪ್ರಶ್ನೆಗೂ ಬೇಕು. 1987ರ ಮಾಂಟ್ರಿಯಲ್ ಒಪ್ಪಂದದ ಇಸವಿಯನ್ನು ಉರು ಹೊಡೆದ ಮಗುವಿಗೆ, ಸಿಎಫ್‌ಸಿ ನಿಲ್ಲಿಸಿದ ಮೇಲೂ ಓಜೋನ್ ಚೇತರಿಸಿಕೊಳ್ಳಲು ದಶಕಗಳು ಯಾಕೆ ಬೇಕಾಗುತ್ತವೆ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಮನೆಯ ಗೊನೆಯಿಂದ ಈ ತಡವನ್ನು ಕಲಿತ ಮಗು ಅದನ್ನು ಊಹಿಸಿಯಾದರೂ ಬರೆಯುತ್ತದೆ.

ಕೊಳೆಯುವ ವಸ್ತು, ಕೊಳೆಯದ ವಸ್ತು ಎಂಬ ವಿಂಗಡಣೆಯನ್ನು ನೋಡಿ. ಕಾಗದ, ತರಕಾರಿ ಸಿಪ್ಪೆ ಒಂದು ಕಡೆ. ಪ್ಲಾಸ್ಟಿಕ್, ಗಾಜು ಇನ್ನೊಂದು ಕಡೆ. ಎರಡು ಅಂಕ. ನಮ್ಮ ನಾರಿನ ಕಾರ್ಖಾನೆಗಳ ಹಿಂದೆ ಬೆಟ್ಟದಂತೆ ಬಿದ್ದಿರುವ ತೆಂಗಿನ ನಾರಿನ ಪುಡಿ ಯಾವ ಕಡೆಗೆ ಸೇರುತ್ತದೆ? ಅದು ಗಿಡದಿಂದ ಬಂದದ್ದು, ಕೊಳೆಯಲೇಬೇಕು. ಆದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಅದರಲ್ಲಿ ಲಿಗ್ನಿನ್ ಹೆಚ್ಚು, ಸಾರಜನಕ ತೀರಾ ಕಡಿಮೆ. ಸೂಕ್ಷ್ಮಜೀವಿಗಳಿಗೆ ಅದು ಬೇಗ ಅರಗದ ಊಟ. ಮಳೆ ಬಂದಾಗ ಅದರಿಂದ ಇಳಿಯುವ ಕಂದು ನೀರು ಬಾವಿ, ಹಳ್ಳಗಳಿಗೆ ಸೇರುತ್ತದೆ. ಅದೇ ಪುಡಿಗೆ ಅಣಬೆಯ ಬೀಜ, ಒಂದಿಷ್ಟು ಯೂರಿಯಾ ಬೆರೆಸಿ ತೇವ ಕಾಪಾಡಿದರೆ ತಿಂಗಳೊಪ್ಪತ್ತಿನಲ್ಲಿ ಗೊಬ್ಬರವಾಗುತ್ತದೆ. ಕೊಳೆಯುವುದು, ಕೊಳೆಯದಿರುವುದು ವಸ್ತುವಿನ ಗುಣ ಮಾತ್ರವಲ್ಲ; ಯಾವ ಜೀವಿ, ಎಷ್ಟು ಸಾರಜನಕ, ಎಷ್ಟು ತೇವ ಎಂಬುದರ ಮೇಲೂ ನಿಂತಿದೆ. ಗೈಡಿನ ಎರಡು ಕಂಬಸಾಲಿನ ಪಟ್ಟಿಗಿಂತ ಇದು ಎಷ್ಟು ಆಳವಾದ ವಿಜ್ಞಾನ! ಕಿಬ್ಬನಹಳ್ಳಿ ಕ್ರಾಸಿನ ಸುತ್ತಲಿನ ಮಗುವಿಗೆ ಇದು ಶಾಲೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ.

ಮಟ್ಟೆಯ ಮಾತೂ ಅಷ್ಟೆ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳ. ಫಲ ಕೊಡುವ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಿ ಎನ್ನುವುದು ಶಿಫಾರಸು. ಹಿಂದೆ ಸಿಪ್ಪೆಯನ್ನು ಮರದ ಸಾಲಿನ ನಡುವೆ ಗುಂಡಿ ತೋಡಿ ಹೂಳುತ್ತಿದ್ದರು, ಕೆರೆಯ ಗೋಡು ಹೊಡೆಸುತ್ತಿದ್ದರು. ಈಗ ಸಿಪ್ಪೆ ಲಾರಿ ಹತ್ತುತ್ತದೆ, ಗರಿ ಬೆಂಕಿಗೆ ಹೋಗುತ್ತದೆ, ಚಿಪ್ಪು ಇದ್ದಿಲಿನ ಗುಂಡಿಗೆ ಹೋಗುತ್ತದೆ, ಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತದೆ. ಹೋದ ಪೊಟ್ಯಾಷನ್ನು ಅಂಗಡಿಯಿಂದ ಚೀಲದಲ್ಲಿ ತರುತ್ತೇವೆ. ಭಾರತ ತನಗೆ ಬೇಕಾದ ಪೊಟ್ಯಾಷನ್ನು ಹೆಚ್ಚುಕಡಿಮೆ ಪೂರ್ತಿ ಹೊರದೇಶಗಳಿಂದ ಕೊಳ್ಳುತ್ತದೆ. ಪೋಷಕಾಂಶಗಳ ಚಕ್ರ ಎಂದು ಪುಸ್ತಕದಲ್ಲಿ ದುಂಡಗೆ ಬರೆದ ಚಿತ್ರ ನಮ್ಮ ತೋಟದಲ್ಲಿ ಎಲ್ಲಿ ತುಂಡಾಗಿದೆ ಎಂದು ತೋರಿಸಬಲ್ಲ ಮಗುವಿಗೆ ಚಿತ್ರವನ್ನು ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ.

ನೀರಿನ ವಿಷಯದಲ್ಲಿ ನನ್ನ ಕೋಪ ಇನ್ನೂ ಹೆಚ್ಚು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನದಲ್ಲಿ ನೈಸರ್ಗಿಕ ಸಂಪನ್ಮೂಲಗಳ ಸುಸ್ಥಿರ ನಿರ್ವಹಣೆ ಎಂಬ ಅಧ್ಯಾಯವಿತ್ತು. ಅದರಲ್ಲಿ ನೀರು ಹಿಡಿದಿಡುವ ಹಳೆಯ ಪದ್ಧತಿಗಳ ಪಟ್ಟಿಯೊಂದು ಇತ್ತು: ರಾಜಸ್ಥಾನದ ಖಾದಿನ್, ಬಿಹಾರದ ಅಹರ್, ಹಿಮಾಚಲದ ಕುಲ್, ತಮಿಳುನಾಡಿನ ಏರಿ, ಕೇರಳದ ಸುರಂಗ, ಕರ್ನಾಟಕದ ಕಟ್ಟೆ. ಮಕ್ಕಳು ಈ ಪಟ್ಟಿಯನ್ನು ಹೊಂದಿಸಿ ಬರೆಯಿರಿ ಪ್ರಶ್ನೆಗೆಂದು ಉರು ಹೊಡೆದರು. ಖಾದಿನ್ ಹೇಗೆ ಕೆಲಸ ಮಾಡುತ್ತದೆ ಎಂಬ ಚಿತ್ರ ಬಿಡಿಸಿದರು. ತಮ್ಮೂರ ಕಟ್ಟೆಯ ಏರಿ, ತೂಬು, ಕೋಡಿ ಯಾವುದಕ್ಕಿವೆ, ಮೇಲಿನ ಕಟ್ಟೆ ತುಂಬಿದರೆ ನೀರು ಯಾವ ಕೆರೆಗೆ ಹೋಗುತ್ತದೆ ಎಂದು ಅವರನ್ನು ಯಾರೂ ಕೇಳಲಿಲ್ಲ. 2022–23ರ ಪಠ್ಯ ಕಡಿತದಲ್ಲಿ ಎನ್‌ಸಿಇಆರ್‌ಟಿ ಆ ಅಧ್ಯಾಯವನ್ನೇ ಕೈಬಿಟ್ಟಿತು. ಮಕ್ಕಳ ಹೊರೆ ಇಳಿಸಲು ಎಂಬುದು ಕೊಟ್ಟ ಕಾರಣ. ಉರು ಹೊಡೆಯುವ ವಿಷಯ ಎಂದು ಒಮ್ಮೆ ಒಪ್ಪಿಕೊಂಡರೆ ಅದನ್ನು ಹೊರೆ ಎಂದು ಕತ್ತರಿಸುವುದು ಸುಲಭ. ನಾವು ಮನೆಯಲ್ಲಿ ಆಡುವ ಮಾತಿಗೂ ದೆಹಲಿಯಲ್ಲಿ ತೆಗೆದುಕೊಂಡ ಆ ತೀರ್ಮಾನಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ನಮ್ಮದು ಎಂಥ ನೀರಿನ ಭೂಗೋಳ! ಚಿಕ್ಕನಾಯಕನಹಳ್ಳಿ ಕಡೆಯ ನೀರು ಸುವರ್ಣಮುಖಿಯಾಗಿ ಬೋರನಕಣಿವೆ ಹಾದು ವೇದಾವತಿ ಸೇರಿ ಕೃಷ್ಣೆಗೆ ಹೋಗುತ್ತದೆ. ತುರುವೇಕೆರೆ ಕಡೆಯ ನೀರು ಶಿಂಷೆಯ ಮೂಲಕ ಕಾವೇರಿಗೆ ಹೋಗುತ್ತದೆ. ಎರಡು ದೊಡ್ಡ ನದೀ ಕಣಿವೆಗಳನ್ನು ಬೇರೆ ಮಾಡುವ ದಿಣ್ಣೆ ಈ ಎರಡೂ ತಿಪಟೂರೂ ಸೇರಿದ ಮೂರು ತಾಲ್ಲೂಕುಗಳ ನಡುವೆ ಎಲ್ಲೋ ನಮ್ಮ ತೋಟಗಳ ಒಳಗೇ ಹಾದುಹೋಗುತ್ತದೆ. ಅದರ ಮೇಲೆ ಗೊರೂರಿನ ಹೇಮಾವತಿ ನೀರು ನಾಲೆಯಲ್ಲಿ ಬರುತ್ತದೆ, ಆ ನೀರಿನ ಪಾಲಿಗೆ ತಾಲ್ಲೂಕು ತಾಲ್ಲೂಕುಗಳ ನಡುವೆ ಜಗಳ ನಡೆಯುತ್ತದೆ. ತಳದಲ್ಲಿ ಗಟ್ಟಿ ಬಂಡೆ. ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಾವಿ ಬತ್ತಿ ಬೋರು ಬಂತು, ಬೋರು ಬತ್ತಿ ಇನ್ನೂ ಆಳದ ಬೋರು ಬಂತು. ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹೆಸರು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿ ಬಂದಿದೆ. ಆಳದ ನೀರಿನ ಜೊತೆ ಫ್ಲೋರೈಡ್ ಬಂತು, ಊರೂರಿಗೆ ಶುದ್ಧ ನೀರಿನ ಘಟಕ ಬಂತು. ಹೀಗಿರುವಾಗ ಮಗು ‘ಅಂತರ್ಜಲದ ಅನುಕೂಲಗಳು: ಆವಿಯಾಗುವುದಿಲ್ಲ, ಸೊಳ್ಳೆಗಳಿಗೆ ಅವಕಾಶವಿಲ್ಲ, ಕಲುಷಿತವಾಗುವುದಿಲ್ಲ’ ಎಂದು ಬರೆದು ಬರುತ್ತದೆ. ಮನೆಯಲ್ಲಿ ಅಪ್ಪ ಫೇಲಾದ ಬೋರಿನ ಸಾಲಕ್ಕೆ ಬಡ್ಡಿ ಕಟ್ಟುತ್ತಿರುತ್ತಾನೆ. ಈ ಎರಡನ್ನೂ ಜೋಡಿಸಿ ನೋಡುವುದನ್ನು ಕಲಿಸದ ವಿದ್ಯೆಗೆ ಪರಿಸರ ಅಧ್ಯಯನ ಎಂಬ ಹೆಸರು ಸಲ್ಲುವುದಿಲ್ಲ.

ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ತೆಗೆದ ಗಾಯಗಳಿವೆ. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ತೀರಾ ಕೆಟ್ಟ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಹಾಳಾದ ನೆಲವನ್ನು ಸರಿಪಡಿಸಲೆಂದು ಬೇರೆ ನಿಗಮವೇ ಹುಟ್ಟಿತು. ಆ ಗುಡ್ಡಗಳ ಆಚೆ ಶಿರಾ ಕಡೆಯ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಅಭಿವೃದ್ಧಿ ಮತ್ತು ಪರಿಸರ ಎಂದು ನಾಲ್ಕು ಅಂಕಕ್ಕೆ ಬರೆಯುವ ಮಗುವಿಗೆ ಇಷ್ಟು ಸಮೀಪದ, ಇಷ್ಟು ನಿಖರವಾದ ಉದಾಹರಣೆ ಇರುವಾಗ ಅದು ನರ್ಮದೆಯನ್ನೋ ತೆಹ್ರಿಯನ್ನೋ ಹೆಸರಿಸಿ ಮುಗಿಸುವುದನ್ನು ಕಂಡರೆ ಸಂಕಟವಾಗುತ್ತದೆ. ಅವು ಬೇಡವೆಂದಲ್ಲ. ಇದು ಗೊತ್ತಿದ್ದರೆ ಅವೂ ಅರ್ಥವಾಗುತ್ತವೆ.

1983ರ ಆಗಸ್ಟಿನಲ್ಲಿ ಇದೇ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ಚಿಪ್ಕೋ ಯಾವ ಇಸವಿ ಎಂದು ಬಲ್ಲ ನಮ್ಮ ಮಕ್ಕಳಿಗೆ ಇದು ಗೊತ್ತಿಲ್ಲ. ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿಯ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು ಗೊತ್ತು, ಆದರೆ ಗೊತ್ತಿರುವುದು 385 ಎಂಬ ಸಂಖ್ಯೆ. ಅವರೂ ಅವರ ಗಂಡ ಚಿಕ್ಕಯ್ಯನವರೂ ಮಳೆಗಾಲ ನೋಡಿ ಆಲದ ಸಸಿ ನೆಟ್ಟದ್ದು, ಕೊಡದಲ್ಲಿ ನೀರು ಹೊತ್ತದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು, ಇದೇ ಅಲ್ಲವೇ ವಿಜ್ಞಾನ? ಒಣ ಸೀಮೆಯಲ್ಲಿ ಸಸಿ ಬದುಕುವುದು ಯಾವುದರಿಂದ ಎಂಬ ಪ್ರಶ್ನೆಗೆ ಅವರ ಬದುಕೇ ಉತ್ತರ. ನಾವು ಅದನ್ನು ಒಂದು ಅಂಕದ ಬಿಟ್ಟ ಸ್ಥಳವನ್ನಾಗಿ ಮಾಡಿದ್ದೇವೆ.

ಪರಿಸರವನ್ನು ಉರು ಹೊಡೆದರೆ ಸಾಕು ಎಂಬ ಅಭಿಪ್ರಾಯಕ್ಕೆ ಅಂಟಿಕೊಂಡವರ ವಾದ ನನಗೆ ಗೊತ್ತಿದೆ, ಅದರಲ್ಲಿ ಕಾಳಜಿಯೂ ಇದೆ. ಮೊದಲನೆಯದು: ಮೌಲ್ಯಮಾಪಕರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ, ಮಗು ಗೋನಿಯೋಜಸ್ ಎಂದು ಬರೆದರೆ ಅಂಕ ಹೋದರೆ ಯಾರು ಹೊಣೆ? ಉದಾಹರಣೆ ಕೊಡಿ ಎಂದು ಕೇಳಿದ ಪ್ರಶ್ನೆಗೆ ಹುಲ್ಲು, ಮಿಡತೆಯನ್ನೇ ಬರೆಯಬೇಕು ಎಂಬ ನಿಯಮ ಎಲ್ಲೂ ಇಲ್ಲ. ಮೌಲ್ಯಮಾಪನ ಮಾಡುವವರೂ ನಮ್ಮಂಥದೇ ಊರುಗಳ ವಿಜ್ಞಾನ ಶಿಕ್ಷಕರು. ಸರಿಯಾದ ಸರಪಳಿಯನ್ನು ಗುರುತಿಸದಷ್ಟು ಅವರು ದಡ್ಡರಲ್ಲ. ಅನುಮಾನವಿದ್ದರೆ ಮಗು ಪುಸ್ತಕದ ವ್ಯಾಖ್ಯೆಯನ್ನು ಮೊದಲು ಬರೆದು ತನ್ನ ಉದಾಹರಣೆಯನ್ನು ಕೆಳಗೆ ಬರೆಯಲಿ. ವ್ಯಾಖ್ಯೆಗೂ ಅಂಕ ಸಿಗುತ್ತದೆ, ಉದಾಹರಣೆಗೂ ಸಿಗುತ್ತದೆ. ನಿಜವಾಗಿ ಅಂಕ ಹೋಗುವುದು ಬೇರೆ ಕಡೆ: ಶೇಕಡಾ ಹತ್ತರ ನಿಯಮವನ್ನು ಉರು ಹೊಡೆದ ಮಗು, ಸಸ್ಯಗಳಲ್ಲಿ 20,000 ಜೂಲ್ ಶಕ್ತಿ ಇದ್ದರೆ ಮೂರನೆಯ ಸ್ತರಕ್ಕೆ ಎಷ್ಟು ತಲುಪುತ್ತದೆ ಎಂದು ಕೇಳಿದಾಗ ಎರಡು ಸಾವಿರ ಎಂದು ಬರೆದು ಕೂರುತ್ತದೆ. ಗರಿ, ಹುಳು, ಕಣಜ ಎಂದು ಬೆರಳು ಮಡಿಚಿ ಎಣಿಸಿದ ಮಗು ಇನ್ನೂರಕ್ಕೆ ಬರುತ್ತದೆ.

ಎರಡನೆಯದು ಪಾಸಿಂಗ್ ಪ್ಯಾಕೇಜಿನ ವಾದ. ಹಿಂದುಳಿದ ಮಗುವಿಗೆ ಕನಿಷ್ಠ ಅಂಕ ಬಂದರೆ ಸಾಕು, ಅದಕ್ಕೆ ನಾಲ್ಕು ಸುಲಭ ಪ್ರಶ್ನೆ ಕಲಿಸಿ ದಡ ಹತ್ತಿಸೋಣ ಎಂಬುದು. ಫಲಿತಾಂಶದ ಶ್ರೇಯಾಂಕದ ಒತ್ತಡದಲ್ಲಿ ಶಿಕ್ಷಕರು ಇದನ್ನು ಮಾಡಬೇಕಾಗಿ ಬಂದಿದೆ, ಅವರನ್ನು ನಾನು ದೂರುವುದಿಲ್ಲ. ಆದರೆ ಆ ಹಿಂದುಳಿದ ಮಗು ಯಾರು ಎಂದು ನೋಡಿ. ಹೆಚ್ಚಾಗಿ ಅದು ಕಾಯಿ ಸುಲಿಯುವವರ ಮಗು, ಮರ ಹತ್ತುವವರ ಮಗು, ನಾರಿನ ಕಾರ್ಖಾನೆಯಲ್ಲಿ ದುಡಿಯುವ ತಾಯಿಯ ಮಗು. ನುಸಿ ತಗುಲಿದ ಕಾಯಿ ಸುಲಿಯಲು ಯಾಕೆ ಕಷ್ಟ ಎಂದು ಅದಕ್ಕೆ ಗೊತ್ತು, ತೋಟದ ಮಾಲೀಕನ ಮಗುವಿಗೆ ಗೊತ್ತಿಲ್ಲ. ಇಡೀ ವಿಜ್ಞಾನ ಪತ್ರಿಕೆಯಲ್ಲಿ ಈ ಮಗು ಮುಂದಿನ ಬೆಂಚಿನಲ್ಲಿ ಕೂರಬಹುದಾದ ಒಂದೇ ಅಧ್ಯಾಯ ಇದು. ಅದನ್ನೂ ಬಾಯಿಪಾಠಕ್ಕೆ ಇಳಿಸಿದಾಗ ಅದರ ಕೈಯಲ್ಲಿದ್ದ ಒಂದೇ ಬಂಡವಾಳವನ್ನು ಕಿತ್ತುಕೊಂಡಂತಾಯಿತು.

ಹಾಗೆಂದು ಮಕ್ಕಳನ್ನು ಕೂಲಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆಯ ವರ್ಷ ಕಾಯಿ ಹೊರುವ ಕೆಲಸ, ನೀರು ಕಟ್ಟುವ ಕೆಲಸ, ಹೆಣ್ಣುಮಕ್ಕಳ ಮೇಲೆ ಬೀಳುವ ಮನೆಗೆಲಸ, ಎಲ್ಲವನ್ನೂ ದೊಡ್ಡವರು ಹೊತ್ತುಕೊಳ್ಳಬೇಕು. ‘ಕೂತು ಓದು’ ಎಂದು ಹೇಳುವ ತಾಯಿ ತನ್ನ ಬೆನ್ನು ಬಾಗಿಸಿ ಗಳಿಸಿದ ಬಿಡುವನ್ನು ಮಗುವಿಗೆ ಕೊಡುತ್ತಿದ್ದಾಳೆ, ಆ ಬಿಡುವು ದೊಡ್ಡದು. ನಾನು ಕೇಳುವುದು ದುಡಿಮೆಯನ್ನಲ್ಲ, ನೋಟವನ್ನು. ಪುಸ್ತಕ ಹಿಡಿದು ತೋಟಕ್ಕೆ ಹೋಗಿ, ಒಂದು ಗರಿ ತಿರುಗಿಸಿ ನೋಡಿ, ಅಜ್ಜನನ್ನು ಎರಡು ಪ್ರಶ್ನೆ ಕೇಳಿ, ಬಂದು ತನ್ನ ಮಾತಿನಲ್ಲಿ ಐದು ಸಾಲು ಬರೆಯುವುದು ಓದೇ. ಗೈಡಿನ ಪುಟವನ್ನು ಕಣ್ಣು ಮುಚ್ಚಿ ಹತ್ತು ಸಲ ಹೇಳುವುದಕ್ಕಿಂತ ಅದು ಗಟ್ಟಿಯಾದ ಓದು.

ಈ ಮಕ್ಕಳೆಲ್ಲ ಬೆಂಗಳೂರಿಗೆ ಹೋಗುವವರು, ತೆಂಗಿನ ಜ್ಞಾನ ಅವರಿಗೇಕೆ ಎನ್ನುವವರೂ ಇದ್ದಾರೆ. ಬೆಂಗಳೂರು ನೂರು ಕಿಲೋಮೀಟರ್ ಆಚೆಯ ಕಾವೇರಿಯನ್ನು ಮೇಲೆತ್ತಿ ಕುಡಿಯುವ ಊರು. ಬೇರೆಯವರ ನೀರಿನಲ್ಲಿ ಬದುಕುವವರಿಗೆ ನೀರಿನ ಅರಿವು ಹೆಚ್ಚೇ ಬೇಕು.

1991ರ ನವೆಂಬರ್ 22ರಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಿ ಎಂದಿತು. 2003ರಲ್ಲಿ ಮತ್ತೆ ನೆನಪಿಸಿತು. ಕಡ್ಡಾಯವಾಯಿತು. ಕಡ್ಡಾಯವಾದದ್ದು ಕಲಿಕೆಯಾಗಲಿ ಎಂದು ನ್ಯಾಯಾಲಯ ನೋಡಿಕೊಳ್ಳಲಾರದು. ಅದು ಶಾಲೆಯ ಮತ್ತು ಮನೆಯ ಕೆಲಸ. ಇದಕ್ಕೆ ಪರೀಕ್ಷಾ ಮಂಡಳಿಯ ಅಪ್ಪಣೆಗೆ ಕಾಯಬೇಕಿಲ್ಲ. ಮಾರ್ಚಿನ ದೊಡ್ಡ ಪರೀಕ್ಷೆಗೆ ಮೊದಲು ಶಾಲೆಯಲ್ಲೇ ಕಿರುಪರೀಕ್ಷೆಗಳು ನಡೆಯುತ್ತವೆ, ಅವುಗಳ ಪ್ರಶ್ನೆಗಳನ್ನು ಬರೆಯುವವರು ಇದೇ ತಾಲ್ಲೂಕುಗಳ ಶಿಕ್ಷಕರು. ಅವರು ಮುಂದಿನ ಪತ್ರಿಕೆಯಲ್ಲಿ ಹೀಗೆ ಕೇಳಲಿ: ನಿಮ್ಮೂರ ಕಟ್ಟೆ ಕೋಡಿ ಬಿದ್ದರೆ ನೀರು ಯಾವ ಯಾವ ಕೆರೆ ಹಾದು ಯಾವ ನದಿಗೆ ಸೇರುತ್ತದೆ, ನಕ್ಷೆ ಬರೆಯಿರಿ. ಕಪ್ಪುತಲೆ ಹುಳು ಬಿದ್ದ ತೋಟಕ್ಕೆ ಕಣಜ ಬಿಟ್ಟ ವಾರದಲ್ಲೇ ಕೀಟನಾಶಕ ಸಿಂಪಡಿಸಿದರೆ ಮುಂದಿನ ಬೇಸಿಗೆಯಲ್ಲಿ ಏನಾಗಬಹುದು, ಕಾರಣ ಸಹಿತ ವಿವರಿಸಿ. ಒಂದು ಮರದಿಂದ ವರ್ಷದಲ್ಲಿ ಹೊರಹೋಗುವ ವಸ್ತುಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ತೋಟಕ್ಕೆ ಹಿಂತಿರುಗುವುದು ಯಾವುದು, ಹಿಂತಿರುಗದೆ ಇರುವುದು ಯಾವುದು?